ಬಾರದ ಪೆಟ್ಟಿಗೆಗೆ ಹೊಲಿದ ಚೀಲ

ಆ ಮನೆಯಲ್ಲಿ ಬೆಳ್ಳುಳ್ಳಿ ಇರುವುದು ಒಂದು ಕಪ್ಪು ಚೀಲದಲ್ಲಿ. ಗುಳಿಗೆಗಳು ಅಂಥದೇ ಇನ್ನೊಂದರಲ್ಲಿ. ಬಟ್ಟೆಗೆ ಹಾಕುವ ಕ್ಲಿಪ್ಪು, ಕನ್ನಡಕ, ಮೊಳೆ, ಸೋಪಿನ ಚೂರು, ಮೊಮ್ಮಗಳ ಪೆನ್ಸಿಲ್ಲು, ಎಲ್ಲಕ್ಕೂ ಅದೇ ಅಂಗೈಯಗಲದ, ಒಳಗೆ ಮೆತ್ತೆಯಿರುವ, ಮೇಲೊಂದು ಒತ್ತುಗುಂಡಿಯಿರುವ ಚೀಲ. ಹೊಸದಾಗಿ ಬಂದವರು ಎಷ್ಟು ಅಚ್ಚುಕಟ್ಟಾದ ಸಂಸಾರ ಎಂದುಕೊಳ್ಳುತ್ತಾರೆ. ಅಚ್ಚುಕಟ್ಟೂ ಇಲ್ಲ, ಮಣ್ಣೂ ಇಲ್ಲ. ಹಾಡು ಕೇಳುವ ಹೊಸದೊಂದು ಯಂತ್ರ ಬರುತ್ತದೆಂದು ನಂಬಿ, ಅದು ಬರುವ ಮುಂಚೆಯೇ ಮನೆಯ ಹಿರಿಯ ಚೀಲದಜ್ಜ ಹಿಂದೊಮ್ಮೆ ರಾಶಿ ರಾಶಿ ಹೊಲಿದಿಟ್ಟಿದ್ದ. ಯಂತ್ರ ಬಂತು, ಒಂದು ಬೇಸಿಗೆಯೂ ಬಾಳಲಿಲ್ಲ. ಚೀಲಗಳು ಗಟ್ಟಿ ಹೊಲಿಗೆಯವು, ಇನ್ನೂ ಬಾಳುತ್ತಿವೆ.

ಹಾಗಾಗಿ ಒಂದು ಬೆಳಿಗ್ಗೆ ಸೊಸೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಮಾವ, ಹೊಸ ಗೇಮ್ ಕನ್ಸೋಲ್ ಒಂದು ಬರ್ತಿದೆ. ಕೈಯಲ್ಲೇ ಹಿಡ್ಕೊಂಡು ಆಡೋದು. ಅದಕ್ಕೆ ಚೀಲ ಹೊಲಿಯೋಣ ಅಂತ" ಎಂದಾಗ ಮುದುಕನ ಚಹಾದ ಲೋಟ ಬಾಯಿಗೆ ಹೋಗದೆ ನಡುವೆಯೇ ನಿಂತಿತು.

"ಬಂದಿದೆಯೋ, ಬರ್ತಿದೆಯೋ?"

"ಬರ್ತಿದೆ. ಇನ್ನೆರಡು ತಿಂಗಳು ಅಷ್ಟೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದದ್ದು ಒಂದು ಸಲ ಸಾಕಮ್ಮ. ಹೋಗಿ ಬೆಳ್ಳುಳ್ಳಿ ಚೀಲ ನೋಡ್ಕೊಂಡು ಬಾ."

"ದಿನಾ ನೋಡ್ತಾನೇ ಇದೀನಿ. ಆದರೆ ಆ ಬೆಳ್ಳುಳ್ಳಿಯನ್ನೇ ನಂಬಿ ಎಷ್ಟು ದಿನ ಕೂತಿರೋದು?"

ಮನೆಯ ಮುಂದಿನ ಕೋಣೆಯೇ ಇವರ ಕಾರ್ಖಾನೆ. ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು. ಒಂದು ಕಾಲಕ್ಕೆ ಊರಿನ ಫೋಟೋಗ್ರಾಫರುಗಳೆಲ್ಲ ಕ್ಯಾಮೆರಾ ಚೀಲಕ್ಕೆ ಇಲ್ಲಿಗೇ ಬರುತ್ತಿದ್ದರು. ಚೀಲದಜ್ಜ ಎಂಬ ಹೆಸರು ಹಾಗೆ ಅಂಟಿದ್ದು. ಈಗ ಸ್ವಂತ ಹೆಸರು ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ. ಆದರೆ ಎಲ್ಲರ ಕ್ಯಾಮೆರಾ ಫೋನಿನೊಳಗೆ ಸೇರಿತು, ಫೋನು ಜೇಬಿನೊಳಗೆ ಸೇರಿತು, ಚೀಲ ಕೇಳುವವರೇ ಇಲ್ಲ. ಹರಿದ ಶಾಲಾಚೀಲ, ಕಿತ್ತುಹೋದ ಜಿಪ್ಪು, ಇಷ್ಟರಲ್ಲೇ ಕಾಲ ಕಳೆಯುತ್ತಿತ್ತು. ಸೊಸೆಗೆ ಇದನ್ನು ಸಹಿಸಲಾಗದು. ಅವಳು ಮಕ್ಕಳ ಬಟ್ಟೆ ಹೊಲಿಯುವ ಮನೆಯಿಂದ ಬಂದವಳು, ಯಂತ್ರದ ಸದ್ದು ನಿಂತರೆ ಅವಳಿಗೆ ತಲೆನೋವು ಶುರುವಾಗುತ್ತದೆ.

ಮಗ ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸುತ್ತಾನೆ. ಕನ್ಸೋಲಿನ ವಿಷಯದಲ್ಲಿ ಅವನದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಕೋಣೆಯ ವಿಷಯದಲ್ಲಿ ಮಾತ್ರ ಖಡಾಖಂಡಿತ.

"ಹೊಲೀರಿ, ಬೇಡ ಅನ್ನಲ್ಲ" ಎಂದ ಆ ರಾತ್ರಿ ಊಟಕ್ಕೆ ಕೂತಾಗ. "ಆದರೆ ಇದೇ ಕೊನೆ. ಇದೂ ಕೈಕೊಟ್ಟರೆ ಯಂತ್ರ ಎರಡೂ ಮಾರಿ, ಮುಂದಿನ ಕೋಣೆ ಬಾಡಿಗೆಗೆ ಕೊಡೋದು. ನಿನಗೆ ನಮ್ಮ ಕಾರ್ಖಾನೆಯಲ್ಲೇ ಪ್ಯಾಕಿಂಗ್ ಕೆಲಸ ಕೊಡಿಸ್ತೀನಿ."

ಬರೀ ಮಾತಲ್ಲ. 'ಬಾಡಿಗೆಗೆ ಇದೆ' ಎಂದು ದಪ್ಪ ರಟ್ಟಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿಕೊಂಡು ಬಂದು ಬೀರುವಿನ ಹಿಂದೆ ಇಟ್ಟಿದ್ದ. ಗುಡಿಸುವಾಗ ಸೊಸೆಯ ಪೊರಕೆ ದಿನವೂ ಅದಕ್ಕೆ ತಗಲುತ್ತಿತ್ತು. ಅವಳು ಅದನ್ನು ಮುಟ್ಟದೆ ಸುತ್ತ ಗುಡಿಸುತ್ತಿದ್ದಳು.

ಅವಳ ಧೈರ್ಯಕ್ಕೆ ಕಾರಣ ದೊಡ್ಡ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವನು. ಕಂಪನಿಯ ಸ್ವಂತ ಚೀಲ ಬರುವುದು ತಡವಂತೆ. ಮೊದಲ ದಿನವೇ ಚೀಲ ತಂದುಕೊಟ್ಟರೆ ಕನ್ಸೋಲಿನ ಪಕ್ಕದಲ್ಲೇ ಇಡುತ್ತೇನೆ, ಮಾರಾಟವಾದಷ್ಟಕ್ಕೆ ದುಡ್ಡು, ಉಳಿದದ್ದು ವಾಪಸ್ಸು ಎಂದಿದ್ದ. ಅಂದರೆ ಆ ಪೆಟ್ಟಿಗೆ ಗೆದ್ದರೆ ಇವಳು ಗೆದ್ದಳು.

ಗೆಲ್ಲುತ್ತದೋ ಸೋಲುತ್ತದೋ, ಇದೇ ಅವತ್ತಿನಿಂದ ಆ ಮನೆಯ ಪಲ್ಲವಿ. ತಮಾಷೆಯೆಂದರೆ ಮನೆಯಲ್ಲಿ ಗೇಮ್ ಆಡುವವಳು ಒಬ್ಬಳೇ, ಮೊಮ್ಮಗಳು ಚೂಟಿ, ಕಾಲೇಜಿಗೆ ಹೋಗುವವಳು. ಅವಳೇ ಎಲ್ಲರಿಗಿಂತ ಮೊದಲು ಮೂಗು ಮುರಿದಳು.

"ಅಮ್ಮ, ಅದು ಗೆಲ್ಲಲ್ಲ. ಬೆಲೆ ನೋಡಿದೀಯಾ? ಮೊದಲ ದಿನಕ್ಕೆ ಇರೋದು ಬೆರಳೆಣಿಕೆ ಗೇಮು. ಅದರಲ್ಲಿ ಒಂದು ಮೀನು ಹಿಡಿಯೋದು. ದುಡ್ಡು ಕೊಟ್ಟು ಯಾರು ಮೀನು ಹಿಡೀತಾರೆ?"

"ನಿನ್ನ ಅಪ್ಪ ಭಾನುವಾರ ಪೂರ್ತಿ ಕೆರೆ ದಂಡೇಲಿ ಕೂತು ಅದನ್ನೇ ಮಾಡ್ತಾರಲ್ಲ, ಅದೂ ಒಂದೂ ಸಿಗದೆ" ಎಂದಳು ಸೊಸೆ.

"ನನ್ನನ್ನ ಯಾಕೆ ಎಳೀತೀಯಾ" ಎಂದ ಮಗ, ಮೊಟ್ಟೆ ಸುಲಿಯುತ್ತ.

"ಕೂಸು ಸರಿಯಾಗೇ ಹೇಳ್ತಿದೆ" ಎಂದು ಅಜ್ಜ ಮೊಮ್ಮಗಳ ತಟ್ಟೆಗೆ ತನ್ನ ಪಾಲಿನ ಆಲೂಗಡ್ಡೆ ಹಾಕಿದ. ಅಜ್ಜ ಮೊಮ್ಮಗಳು ಒಂದು ಪಕ್ಷ, ಸೊಸೆ ಒಂಟಿ. ಆದರೆ ಒಂಟಿಯಾದಷ್ಟೂ ಅವಳ ದನಿ ಏರುತ್ತಿತ್ತು. ಗೆದ್ದೇ ಗೆಲ್ಲುತ್ತೆ ಎನ್ನುವುದನ್ನು ಪಾತ್ರೆ ತಿಕ್ಕುತ್ತ, ಬಟ್ಟೆ ಹಿಂಡುತ್ತ, ಬಾಗಿಲಿಗೆ ಬಂದ ಹಾಲಿನವಳಿಗೂ ಹೇಳಿದಳು.

ಬೇಡ ಬೇಡ ಎನ್ನುತ್ತಲೇ ಅಜ್ಜ ಒಂದು ಕೆಲಸ ಮಾಡಿದ. ಹಿತ್ತಿಲಿನಿಂದ ಒಂದು ಮರದ ತುಂಡು ತಂದ. ಅವನದೊಂದು ಪದ್ಧತಿಯಿದೆ. ಯಾವ ವಸ್ತುವಿಗೆ ಚೀಲ ಹೊಲಿಯಬೇಕೋ ಆ ವಸ್ತುವಿನದೇ ಅಳತೆಯಲ್ಲಿ ಮರದ್ದೊಂದು ಮಾಡಿ, ಕೆಲವು ದಿನ ಅದನ್ನು ನಿಜವಾದದ್ದೆಂದೇ ಹೊತ್ತು ತಿರುಗಬೇಕು. ಕೂತಾಗ ಎಲ್ಲಿ ಇಡುತ್ತೇವೆ, ಎದ್ದಾಗ ಹೇಗೆ ತೆಗೆಯುತ್ತೇವೆ, ಯಾವ ಕೈಗೆ ಬರುತ್ತದೆ, ಇದು ಕೈಗೆ ತಿಳಿಯದೆ ಕತ್ತರಿ ಹಿಡಿಯಬಾರದು ಎಂಬುದು ಅವನ ವಾದ. ಹಾಡಿನ ಯಂತ್ರ ಸೋತಿತೇ ಹೊರತು ಅದರ ಚೀಲವನ್ನು ಯಾರೂ ಆಡಿಕೊಳ್ಳಲಿಲ್ಲವಲ್ಲ.

"ಹೊಲಿಯೋಕಲ್ಲ" ಎಂದ ಸೊಸೆಯ ಮುಖ ನೋಡದೆ. "ಕೈ ಸುಮ್ಮನಿರಲ್ಲ ಅಂತ, ಅಷ್ಟೆ."

ಚೂಟಿ ಫೋನಿನಲ್ಲಿ ನೋಡಿ ಉದ್ದ, ಅಗಲ, ದಪ್ಪ ಹೇಳಿದಳು. ತೂಕವನ್ನೂ ಹೇಳಿದಳು. ಅಜ್ಜ ಮರದ ಹೊಟ್ಟೆ ಕೊರೆದು ಕಬ್ಬಿಣದ ವಾಷರುಗಳನ್ನು ತುಂಬಿ ತೂಕ ಸರಿಮಾಡಿದ. ಮೂಲೆಗಳು ಎಷ್ಟು ದುಂಡಗೆ ಎಂಬುದನ್ನು ಮಾತ್ರ ಕಂಪನಿಯವರು ಎಲ್ಲೂ ಬರೆದಿರಲಿಲ್ಲ. ಚಿತ್ರ ನೋಡಿ ಅಂದಾಜಿನಲ್ಲಿ ಕೆತ್ತಿದ. ಚೂಟಿ ತನ್ನ ಬಣ್ಣದ ಡಬ್ಬಿ ತಂದು ಅದಕ್ಕೊಂದು ಪರದೆ, ಗುಂಡಿಗಳು, ಹೆಬ್ಬೆರಳಿನಲ್ಲಿ ಆಡಿಸುವ ಎರಡು ಕಡ್ಡಿ ಬರೆದುಕೊಟ್ಟಳು. ಪರದೆಯಲ್ಲಿ ಒಂದು ಮೀನನ್ನೂ ಬರೆದಳು, ಅಪ್ಪನನ್ನು ಗೇಲಿ ಮಾಡಲು.

ಆಮೇಲೆ ಮುದುಕ ಅದನ್ನು ಕೆಳಗಿಡಲಿಲ್ಲ.

ಬಸ್ಸಿನಲ್ಲಿ ಕೂತರೆ ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳು ಆಡಿಸುತ್ತಿದ್ದ. ಪಾರ್ಕಿನ ಕಲ್ಲುಬೆಂಚಿನ ಮೇಲೆ ತೊಡೆಯ ಮೇಲಿಟ್ಟುಕೊಂಡು, ತೆಗೆದು, ಮತ್ತೆ ಇಟ್ಟು ನೋಡುತ್ತಿದ್ದ. ಮೊದಲ ದಿನ ಇಬ್ಬರು ಮಕ್ಕಳು ಬಂದು ಬಗ್ಗಿ ನೋಡಿದರು. ಮರ ಅಂತ ಗೊತ್ತಾದ ಮೇಲೂ ಹೋಗಲಿಲ್ಲ, "ಅಜ್ಜ, ಒಂದ್ಸಲ ಹಿಡ್ಕೊಳ್ಳೋಕೆ ಕೊಡಿ" ಎಂದರು. ವಾರದೊಳಗೆ ಬೆಂಚಿನ ಮುಂದೆ ಸರದಿ ನಿಲ್ಲುವಂತಾಯಿತು. ಮಕ್ಕಳಷ್ಟೇ ಅಲ್ಲ, ಆಫೀಸು ಮುಗಿಸಿ ಬಂದವರು, ವಾಕಿಂಗಿಗೆ ಬಂದ ಹೆಂಗಸರು. ಹಿಡಿದವರೆಲ್ಲ ಹೆಬ್ಬೆರಳು ಆಡಿಸುತ್ತಿದ್ದರು. ಯಾರಾದರೂ "ಇಲ್ಲಿ ಅಂಗೈಗೆ ಒತ್ತುತ್ತೆ" ಎಂದರೆ ಅಜ್ಜ ಜೇಬಿನಿಂದ ಮರಳು ಕಾಗದ ತೆಗೆದು ಅಲ್ಲಿಗೆ ಎರಡು ಉಜ್ಜು ಉಜ್ಜುತ್ತಿದ್ದ.

ಒಂದು ಸಂಜೆ ಬಂದವನೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದ.

"ಗೆಲ್ಲುತ್ತೆ" ಎಂದ.

"ಏನು ಮಾವ?"

"ಪೆಟ್ಟಿಗೆ. ಹೊಲಿ. ಬಟ್ಟೆ ತರಿಸು. ಒಣಮರಕ್ಕೆ ಇಷ್ಟು ಜನ ಸಾಲು ನಿಲ್ತಾರೆ ಅಂದ್ಮೇಲೆ, ಜೀವ ಇರೋದು ಬಂದರೆ ಕೇಳಬೇಕಾ?"

"ಅಜ್ಜ, ಅದು ಮರ" ಎಂದಳು ಚೂಟಿ. "ಪುಕ್ಕಟೆ ಕೊಡ್ತಿದೀಯಾ. ಅದಕ್ಕೆ ನಿಲ್ತಾರೆ. ಬೆಲೆ ಹೇಳು, ಎಷ್ಟು ಜನ ಉಳೀತಾರೆ ನೋಡೋಣ."

"ನಿನಗೆ ಏನು ಗೊತ್ತಾಗುತ್ತೆ, ಸುಮ್ಮನಿರು."

"ನಾನು ಹೇಳಿದ್ದೇ ಸರಿ ಅಂತ ಆಲೂಗಡ್ಡೆ ಕೊಟ್ಟಿದ್ದೆಯಲ್ಲ?"

"ವಾಪಸ್ ಕೊಡ್ತೀಯಾ?"

ಸೊಸೆಗೆ ಕುಣಿಯುವಷ್ಟು ಸಂತೋಷವಾಯಿತು. ಮಾವನ ಒಪ್ಪಿಗೆ ಸಿಗದೆ ಆ ಮೇಜಿನ ಮೇಲೆ ಈವರೆಗೆ ಏನನ್ನೂ ಕತ್ತರಿಸಿದವಳಲ್ಲ. ಮಾರನೆಯ ದಿನವೇ ಬಟ್ಟೆ ಬಂತು: ಹೊರಗೆ ಕಡುನೀಲಿ, ಒಳಗೆ ಹಳದಿ ಮೆತ್ತನೆಯದು, ನಡುವೆ ಫೋಮು. ಅಜ್ಜ ಮರದ ಪೆಟ್ಟಿಗೆಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಅಚ್ಚು ಕತ್ತರಿಸಿಕೊಟ್ಟ. ಎರಡೂ ಯಂತ್ರಗಳು ಒಟ್ಟಿಗೆ ಓಡತೊಡಗಿದವು. ಮಗ ಮಧ್ಯಾಹ್ನ ವ್ಯಾನ್ ನಿಲ್ಲಿಸಿ ಊಟಕ್ಕೆ ಬಂದರೆ ತಟ್ಟೆ ಇಡಲು ಜಾಗವಿಲ್ಲ, ಎಲ್ಲೆಲ್ಲೂ ನೀಲಿ ಹಳದಿ ಚೂರು. ಅವನೇ ಬ್ರೆಡ್ಡು ಕೊಯ್ದು, ಅವನೇ ಮೊಟ್ಟೆ ಬೇಯಿಸಿ, ಹೊಲಿಯುವವರ ಬಾಯಿಗೂ ಇಟ್ಟು ಹೋಗುತ್ತಿದ್ದ. ಬೈದುಕೊಂಡೇ ಮಾಡುತ್ತಿದ್ದ, ಆದರೆ ಮಾಡುತ್ತಿದ್ದ.

ಈ ನಡುವೆ ಕೆಟ್ಟ ಸುದ್ದಿಗಳು ಬರತೊಡಗಿದವು. ಗೇಮು ಬಲ್ಲವರೆಲ್ಲ ಕನ್ಸೋಲು ನೆಲಕಚ್ಚುತ್ತದೆ ಎನ್ನುತ್ತಿದ್ದಾರೆಂದು ಚೂಟಿ ದಿನಕ್ಕೊಂದನ್ನು ಓದಿ ಹೇಳುವಳು. ಸೊಸೆ "ಅವರಿಗೇನು ಗೊತ್ತು, ಗೆದ್ದೇ ಗೆಲ್ಲುತ್ತೆ" ಎನ್ನುತ್ತ ಇನ್ನಷ್ಟು ಜೋರಾಗಿ ಯಂತ್ರ ತುಳಿಯುವಳು.

ಮಾವ ಸೊಸೆಗೆ ಜಗಳವಾದದ್ದು ಮೂಲೆಯ ವಿಷಯಕ್ಕೆ. ಬಟ್ಟೆಯನ್ನು ಚೌಕವಾಗಿ ಕತ್ತರಿಸಿ, ಅಚ್ಚಿನ ಗೆರೆಯ ಮೇಲೆ ದುಂಡನೆಯ ಮೂಲೆ ಹೊಲಿದ ಮೇಲೆ ಹೊಲಿಗೆಯ ಆಚೆ ಉಳಿದ ಬಟ್ಟೆಯನ್ನು ಕತ್ತರಿಸಿ ತೆಗೆಯಬೇಕು. ಇಲ್ಲದಿದ್ದರೆ ಚೀಲವನ್ನು ಮಗುಚಿದಾಗ ಅದು ಒಳಗೆ ಗಂಟಾಗಿ ಕೂರುತ್ತದೆ. ಚೀಲ ಹೊಲಿಯುವ ಯಾರನ್ನು ಕೇಳಿದರೂ ಹೇಳುತ್ತಾರೆ. ಸೊಸೆ ಹೊಲಿದು ಮುಗಿಸಿದ ಚೀಲದೊಳಗೆ ಅಜ್ಜ ಬೆರಳು ಹಾಕಿ ನೋಡಿದರೆ ಒಂದರಲ್ಲೂ ಮೂಲೆ ಕತ್ತರಿಸಿಲ್ಲ.

"ಇದೇನಮ್ಮ, ಒಳಗೆ ಗಂಟು ಗಂಟು?"

"ಇರಲಿ ಬಿಡಿ ಮಾವ. ಮೆತ್ತೆ ಇದೆಯಲ್ಲ, ಗೊತ್ತಾಗಲ್ಲ."

"ನನ್ನ ಬೆರಳಿಗೆ ಗೊತ್ತಾಯ್ತಲ್ಲ. ಈ ಕೋಣೆಯಿಂದ ಇಂಥ ಒಂದು ಚೀಲ ಆಚೆ ಹೋಗಿಲ್ಲ."

"ನಮ್ಮ ತವರಲ್ಲಿ ಮಕ್ಕಳ ಬಟ್ಟೆಗೆ ಒಳಗೆ ಹೀಗೇ ಬಿಡ್ತಿದ್ವಿ. ಕತ್ತರಿಸಿದ್ದು ಮತ್ತೆ ಬರುತ್ತಾ?"

"ಮಕ್ಕಳು ಬೆಳೀತಾರೆ ಕಣಮ್ಮ. ಕಬ್ಬಿಣ ಪ್ಲಾಸ್ಟಿಕ್ಕು ಬೆಳೆಯುತ್ತಾ?"

"ನಾನು ಕತ್ತರಿಸಲ್ಲ ಮಾವ."

ಆ ಮನೆಗೆ ಬಂದಾಗಿನಿಂದ ಅವಳು ಮಾವನಿಗೆ ಹೀಗೆ ಎದುರು ಹೇಳಿದ್ದು ಅದೇ ಮೊದಲು. ಮುದುಕ ಕತ್ತರಿಯನ್ನು ಮೇಜಿನ ಮೇಲೆ ಇಟ್ಟು ಎದ್ದು ಹೋದ. ಎರಡು ದಿನ ಊಟಕ್ಕೆ ಕೂತರೂ ಮಾತಿಲ್ಲ. "ಉಪ್ಪು ಕೊಡೋಕೆ ಹೇಳು" ಎಂದು ಮೊಮ್ಮಗಳ ಮೂಲಕ ಸೊಸೆಯನ್ನು ಕೇಳುತ್ತಿದ್ದ, ಸೊಸೆ ಪಕ್ಕದಲ್ಲೇ ಕೂತಿದ್ದರೂ. ಮೂರನೆಯ ದಿನ ಬಟ್ಟೆ ಸಾಲದೆ ಬಂದಾಗ ಮಾತಾಡದೆ ವಿಧಿಯಿರಲಿಲ್ಲ. ಮೂಲೆ ಮಾತ್ರ ಹಾಗೆಯೇ ಉಳಿಯಿತು.

ಕನ್ಸೋಲು ಬರುವ ದಿನ ಬಂತು.

ಬೆಳಿಗ್ಗೆ ಅಂಗಡಿಯ ಶಟರು ಏಳುವ ಮುಂಚೆಯೇ ಸಾಲು ಬೀದಿಯ ತಿರುವಿನವರೆಗೆ ಬೆಳೆದಿತ್ತು. ಚೂಟಿ ನೋಡಿದವಳೇ ಅಮ್ಮನ ತೋಳು ಹಿಡಿದು ಅಲ್ಲಾಡಿಸಿದಳು. "ನಾನು ಸೋತೆ ಅಮ್ಮ. ಸೋತೆ, ಸೋತೆ, ನೋಡು ಎಷ್ಟು ಜನ" ಎನ್ನುವಾಗ ಅವಳ ಮುಖದಲ್ಲಿ ಸೋತವಳ ಕಳೆಯೇ ಇರಲಿಲ್ಲ. ಪಾರ್ಕಿನ ಮಕ್ಕಳು ಸಾಲಿನ ನಡುವಿನಿಂದ "ಮರದಜ್ಜ, ಮರದಜ್ಜ" ಎಂದು ಕೈಬೀಸಿದರು. ಅಜ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮಗ ಚೀಲದ ಮೂಟೆಗಳನ್ನು ಬ್ರೆಡ್ ವ್ಯಾನಿನಿಂದ ಇಳಿಸಿ, "ನಾನು ಹೇಳಿದ್ದೆನಲ್ಲ" ಎಂದ. ಅವನು ಏನೂ ಹೇಳಿರಲಿಲ್ಲ.

ಅಂಗಡಿಯವನು ಮೊದಲ ಡಬ್ಬ ಒಡೆದು, ಪ್ರದರ್ಶನಕ್ಕೆಂದು ಕನ್ಸೋಲನ್ನು ಹೊರತೆಗೆದ. ಕಪ್ಪಗೆ, ತೆಳ್ಳಗೆ, ನುಣ್ಣಗೆ ಹೊಳೆಯುತ್ತಿತ್ತು. ಸೊಸೆ ಒಂದು ನೀಲಿ ಚೀಲದ ಬಾಯಿ ಬಿಡಿಸಿ ಹಿಡಿದಳು. ಅಂಗಡಿಯವನು ಇಳಿಬಿಟ್ಟ.

ಅರ್ಧ ಹೋಯಿತು, ಇನ್ನೂ ಸ್ವಲ್ಪ ಹೋಯಿತು, ತಳ ಮುಟ್ಟುವ ಮುಂಚೆ ನಿಂತಿತು. ಪೆಟ್ಟಿಗೆಯ ಮೂಲೆಗಳು ಚೀಲದ ದುಂಡು ಮೂಲೆಗೆ ಬಡಿದು ಮುಂದೆ ಹೋಗಲೊಲ್ಲವು. ಮೇಲೆ ಮುಚ್ಚಳ ಎಳೆದರೆ ಗುಂಡಿ ಮುಟ್ಟದು. ಇನ್ನೊಂದು ಚೀಲ ತೆಗೆದರು. ಮತ್ತೊಂದು. ಎಲ್ಲವೂ ಹಾಗೆಯೇ.

"ಅಕ್ಕ, ಇದು ಆಗಲ್ವಲ್ಲ" ಎಂದ ಅಂಗಡಿಯವನು, ಹೊರಗಿನ ಸಾಲಿನ ಕಡೆ ನೋಡುತ್ತ.

ಅಜ್ಜ ಜೇಬಿನಿಂದ ಮರದ ಪೆಟ್ಟಿಗೆ ತೆಗೆದು ಕನ್ಸೋಲಿನ ಪಕ್ಕ ಇಟ್ಟ. ಉದ್ದ ಅದೇ, ಅಗಲ ಅದೇ. ಮೂಲೆಗಳು ಮಾತ್ರ ಬೇರೆ. ಕಂಪನಿಯದು ಚೂಪು ಮೂಲೆ. ಅಜ್ಜನದು ಇಷ್ಟು ದಿನ ಯಾರ ಯಾರ ಅಂಗೈಗೋ ಒತ್ತುತ್ತದೆಂದು ಉಜ್ಜಿ ಉಜ್ಜಿ ಗುಂಡಗಾಗಿತ್ತು. ಅವನು ಮುಟ್ಟಿ ನೋಡಿದ.

"ನಾನೇ ಹಾಳು ಮಾಡಿದೆ" ಎಂದ. "ಬರೋದಕ್ಕೆ ಹೊಲಿಯೋದು ಬಿಟ್ಟು ನನಗೆ ಬೇಕಾದ್ದಕ್ಕೆ ಹೊಲಿಸಿದೆ."

ಮಗನಿಗೆ ಬೀರುವಿನ ಹಿಂದಿನ ರಟ್ಟು ನೆನಪಾಗಿರಬೇಕು, ನೆಲ ನೋಡಿದ. ಸೊಸೆ ಮಾತ್ರ ಚೀಲವನ್ನು ಮಗುಚಿ ಮೂಲೆಯ ಗಂಟನ್ನು ಹೆಬ್ಬೆರಳಿನಲ್ಲಿ ಬಿಡಿಸುತ್ತಿದ್ದಳು. ಕತ್ತರಿಸದೆ ಬಿಟ್ಟ ಬಟ್ಟೆ ಅಗಲವಾಗಿ ಬಿಚ್ಚಿಕೊಂಡಿತು.

"ಮಾವ, ಮೂಲೆ ಇದೆ" ಎಂದಳು. "ದುಂಡು ಹೊಲಿಗೆ ಬಿಚ್ಚಿ ಚೂಪಾಗಿ ಹೊಲಿದರೆ ಸಾಕು. ಎರಡೇ ಮೂಲೆ. ರೀ, ಮನೆಯಿಂದ ಯಂತ್ರ ತನ್ನಿ."

ಮಗ ವ್ಯಾನಿನ ಕಡೆ ಓಡಿದ. ಬ್ರೆಡ್ ವ್ಯಾನ್ ಆ ಬೀದಿಯಲ್ಲಿ ಅಷ್ಟು ಜೋರಾಗಿ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಸಾಲಿನ ಮುಂದಿನವರು ದುಡ್ಡು ಕಟ್ಟುವಷ್ಟರಲ್ಲಿ ಅವನು ಯಂತ್ರವನ್ನು ತಬ್ಬಿಕೊಂಡು ಒಳಗೆ ಬಂದ. ಅಂಗಡಿಯವನು ಎರಡು ಟಿವಿ ಡಬ್ಬಗಳನ್ನು ಸರಿಸಿ, ಬಾಗಿಲ ಪಕ್ಕದಲ್ಲೇ ಜಾಗ ಮಾಡಿಕೊಟ್ಟ.

ಅಜ್ಜ ಬ್ಲೇಡಿನಿಂದ ಹೊಲಿಗೆ ಬಿಚ್ಚುವುದು, ಸೊಸೆ ಹೊಲಿಯುವುದು, ಚೂಟಿ ಮಗುಚಿ ಕೊಡುವುದು. ಮೊದಲ ಚೀಲ ಮುಗಿಯಿತು. ಸಾಲಿನ ಮುಂದಿದ್ದ ಹುಡುಗಿ ತನ್ನ ಹೊಸ ಕನ್ಸೋಲನ್ನು ಉಸಿರು ಬಿಗಿಹಿಡಿದು ಕೊಟ್ಟಳು. ಚೂಟಿ ಒಳಗೆ ಇಳಿಸಿದಳು. ತಳದವರೆಗೆ ಹೋಯಿತು. ಮುಚ್ಚಳ ಬಂತು, ಗುಂಡಿ ಟಪ್ಪೆಂದಿತು.

ಆ ಸದ್ದಿಗೆ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಆಮೇಲೆ ಶುರುವಾಯಿತು ನೋಡಿ. ತಮ್ಮ ಕಣ್ಣೆದುರಿಗೇ, ತಮ್ಮ ಪೆಟ್ಟಿಗೆಗೇ ಅಳತೆ ನೋಡಿ ಹೊಲಿದು ಕೊಡುತ್ತಾರೆಂದರೆ ಯಾರಿಗೆ ಬೇಡ? ಚೀಲ ಬೇಡವೆಂದು ಮುಂದೆ ಹೋದವರು ಹಿಂದಿರುಗಿ ಬಂದರು. ಮಗ ಸರದಿ ತಪ್ಪಿಸುವವರನ್ನು ಗದರುತ್ತ, ಎಲ್ಲರಿಗೂ ವ್ಯಾನಿನ ಬ್ರೆಡ್ಡು ಹಂಚುತ್ತ, ಅವತ್ತು ಕಾರ್ಖಾನೆಯ ಕೆಲಸವನ್ನೇ ಮರೆತ. ಒಬ್ಬ ಹುಡುಗ ಮರದ ಪೆಟ್ಟಿಗೆಯನ್ನು ಹಿಡಿದು ನೋಡಿ, "ಅಜ್ಜ, ನಿಮ್ಮದೇ ಕೈಗೆ ಚೆನ್ನಾಗಿ ಕೂರುತ್ತೆ" ಎಂದ. ಅಜ್ಜನಿಗೆ ಅಷ್ಟು ಗಡಿಬಿಡಿಯಲ್ಲೂ ನಗು ತಡೆಯಲಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೂಟೆಗಳು ಖಾಲಿ. ಚೂಟಿ ಅಂಗಡಿಯವನನ್ನೇ ಕೇಳಿದಳು, "ಅಣ್ಣ, ಹಾಗಾದರೆ ಕನ್ಸೋಲು ಗೆದ್ದ ಹಾಗೇನಾ?"

"ಇವತ್ತು ಗೆದ್ದಿದೆ ಪುಟ್ಟಿ. ವರ್ಷ ಕಳೆಯಲಿ, ಆಮೇಲೆ ಕೇಳು" ಎಂದ ಅವನು. "ಚೀಲ ಮಾತ್ರ ನಾಳೆಗೂ ಬೇಕು."

ಮನೆಗೆ ಬಂದು ಎಲ್ಲರೂ ಮೇಜಿನ ಸುತ್ತ ಕುಸಿದು ಕೂತರು. ಬಡಿಸಿಕೊಳ್ಳುವಷ್ಟು ಶಕ್ತಿಯೂ ಯಾರಿಗೂ ಇರಲಿಲ್ಲ, ಆದರೂ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಗಲಾಟೆ ತಗ್ಗಿದ ಮೇಲೆ ಅಜ್ಜ ಕೇಳಿದ.

"ನಿಜ ಹೇಳಮ್ಮ. ಮೂಲೆ ಯಾಕೆ ಬಿಟ್ಟೆ?"

ಸೊಸೆ ಬ್ರೆಡ್ಡಿನ ಚೂರನ್ನು ತಟ್ಟೆಯಲ್ಲಿ ಅತ್ತಿತ್ತ ಸರಿಸಿದಳು. "ಪೆಟ್ಟಿಗೆ ಸೋತರೆ, ಬಿಚ್ಚಿ ಅಗಲ ಮಾಡಿ ಊಟದ ಡಬ್ಬಿಗೆ ಚೀಲ ಮಾಡೋಣ ಅಂತ."

"ಗೆದ್ದೇ ಗೆಲ್ಲುತ್ತೆ ಅಂತ ಹಾಲಿನವಳಿಗೂ ಹೇಳಿದವಳು ನೀನಲ್ವಾ?"

"ಬಾಯಿ ಹೇಳ್ತಿತ್ತು ಮಾವ. ಕೈಗೆ ಭಯ ಇತ್ತು. ಇನ್ನೊಂದು ಬೆಳ್ಳುಳ್ಳಿ ಚೀಲ ಆಗಿಬಿಟ್ಟರೆ, ಈ ಕೋಣೆ ಹೋಗಿಬಿಟ್ಟರೆ ಅಂತ." ಹೇಳುವಾಗ ಅವಳ ಕಣ್ಣು ತುಂಬಿತು. ಅಜ್ಜ ತಲೆಯಾಡಿಸಿದ. ತನ್ನ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಎತ್ತಿ ಅವಳ ತಟ್ಟೆಗೆ ಹಾಕಿದ.

"ಗೆಲ್ಲುತ್ತೆ ಅಂದೋಳಿಗೆ ಭಯ, ಸೋಲುತ್ತೆ ಅಂದೋನಿಗೆ ಪೆಟ್ಟಿಗೆ ಮೇಲೆ ಪ್ರೀತಿ. ಏನ್ ಮನೆಯಪ್ಪಾ ಇದು" ಎಂದಳು ಚೂಟಿ.

ಹತ್ತು ಹನ್ನೆರಡು ದಿನ ಕಳೆದವು. ಒಂದು ಬೆಳಿಗ್ಗೆ ಸೊಸೆ ಕೋಣೆ ಗುಡಿಸುತ್ತಿದ್ದಾಗ ಅಜ್ಜ ಹೊಸದೊಂದು ಮರದ ತುಂಡು ಹಿಡಿದು ಬಂದ. ಇನ್ನೊಂದು ಕಂಪನಿಯದೂ ಬರುತ್ತಿದೆಯಂತೆ, ಬೇಸಿಗೆಗೆ. ಮೊಮ್ಮಗಳು ಆಗಲೇ ಅದು ನೆಲಕಚ್ಚುತ್ತದೆ ಎಂದು ತೀರ್ಪು ಕೊಟ್ಟಾಗಿತ್ತು.

"ಇದನ್ನ ನೀನೇ ಇಟ್ಕೋ" ಎಂದು ಮರವನ್ನೂ ಮರಳು ಕಾಗದವನ್ನೂ ಅವಳ ಕೈಗೆ ಕೊಟ್ಟ. "ನಾನು ಕೇಳಿದರೂ ಕೊಡಬೇಡ."

ಅಚ್ಚು ತೆಗೆಯಲು ಈ ಸಲ ಕಾಗದ ಸಾಲದು, ಗಟ್ಟಿಯಾದದ್ದು ಬೇಕು ಎಂದಳು ಸೊಸೆ. ಸುತ್ತ ನೋಡಿದಳು. ಪೊರಕೆ ಪಕ್ಕಕ್ಕಿಟ್ಟು, ಬೀರುವಿನ ಹಿಂದೆ ಕೈಹಾಕಿ ದಪ್ಪ ರಟ್ಟನ್ನು ಎಳೆದಳು. ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಮಗ ನೋಡಿದ, ಬೇಡವೆನ್ನಲಿಲ್ಲ. ಕೆಂಪಕ್ಷರ ಕೆಳಗಾಗುವಂತೆ ಅದನ್ನು ಮೇಜಿನ ಮೇಲೆ ಮಗುಚಿ ಹಾಸಿದಳು.

ಅಜ್ಜ ಕತ್ತರಿ ಎತ್ತಿಕೊಂಡ. ಆದರೆ ಕತ್ತರಿಸಲಿಲ್ಲ.

"ಮೂಲೆ ಎಷ್ಟು ಬಿಡಬೇಕು, ಹೇಳಮ್ಮ" ಎಂದು ಕೇಳಿ, ಅವಳು ಹೇಳುವವರೆಗೆ ಕಾದು ನಿಂತ.